ಅಜ್ಜನ ಕಲ್ಲಿಗೆ ಲೇಬಲ್ ಇರಲಿಲ್ಲ

ಖಂಡೇನವಮಿಯ ದಿನ ನಮ್ಮಲ್ಲಿ ಎರಡು ಕಡೆ ಪೂಜೆ. ಬೆಳಿಗ್ಗೆ ಕಬ್ಬೂರಿನಲ್ಲಿ ಅಪ್ಪ ನಡೆಸುವ ಕಟಿಂಗ್ ಶಾಪಿನ ಕತ್ತರಿ, ಮಷಿನ್, ಬಾಚಣಿಕೆಗಳಿಗೆ. ಆಮೇಲೆ ಮನೆಯಲ್ಲಿ ಅಜ್ಜನ ಹಡಪಕ್ಕೆ. ಹಡಪವೆಂದರೆ ತೊಗಲಿನ ಚೀಲ. ಅದರೊಳಗೆ ಎರಡು ಮಡಚುವ ಕ್ಷೌರದ ಕತ್ತಿ, ಒಂದು ಚಿಮಟ, ಉಗುರು ತೆಗೆಯುವ ಚಿಕ್ಕ ಉಳಿ, ಕತ್ತಿ ಎಳೆಯುವ ತೊಗಲಿನ ಪಟ್ಟಿ, ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ಕಲ್ಲು. ಐದು ಇಂಚು ಉದ್ದ, ಒಂದೂವರೆ ಇಂಚು ಅಗಲ, ಹಳದಿಗೂ ಹಸಿರಿಗೂ ನಡುವಿನ ಬಣ್ಣ. ಮಸೆದು ಮಸೆದು ನಡುವೆ ಸಣ್ಣ ತಗ್ಗು ಬಿದ್ದಿದೆ.

‘ಅದು ಬಿಲಾಯತಿ ಕಲ್ಲು. ನಿಮ್ಮಜ್ಜ ಬೆಳಗಾವಿ ಕ್ಯಾಂಪಿನಾಗ ಸೋಲ್ಜರ್‌ಗೋಳ ದಾಡಿ ಮಾಡತಿದ್ದಾಗ ಯಾರೋ ಸಾಹೇಬರು ಕೊಟ್ಟಿದ್ರಂತ’ ಎಂದು ಆಯಿ ಪ್ರತಿ ವರ್ಷ ಹೇಳುತ್ತಾಳೆ. ಯಾರೂ ಅದನ್ನು ಪರೀಕ್ಷಿಸಲು ಹೋಗಿರಲಿಲ್ಲ. ಅಪ್ಪ ಅರ್ಧ ಬ್ಲೇಡ್ ಮುರಿದು ಹಾಕುವ ಕತ್ತಿಗೆ ಬಂದು ಎಷ್ಟೋ ವರ್ಷವಾಯಿತು. ಎಚ್ಐವಿಯ ಬಗ್ಗೆ ತಿಳಿವಳಿಕೆ ಹರಡಿದ ಮೇಲೆ ಒಬ್ಬರಿಗೆ ಬಳಸಿದ ಅಲಗನ್ನು ಇನ್ನೊಬ್ಬರಿಗೆ ಹಚ್ಚಬಾರದೆಂಬುದು ಸಲೂನಿನ ಮೊದಲ ನಿಯಮ. ಅದು ಸರಿಯೂ ಹೌದು. ಅಲ್ಲಿಗೆ ಕಲ್ಲಿನ ಕೆಲಸ ಮುಗಿದಿತ್ತು.

ಕಳೆದ ವರ್ಷ ಪೂಜೆಯ ಫೋಟೋವನ್ನು ನಾನು ಸ್ಟೇಟಸ್‌ಗೆ ಹಾಕಿದೆ. ಪುಣೆಯಲ್ಲಿರುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಫೋನ್ ಮಾಡಿದ. ಹಳೆಯ ಕಾಲದ ಕ್ಷೌರದ ಕತ್ತಿ, ಕಲ್ಲುಗಳನ್ನು ಸಂಗ್ರಹಿಸುವವರು ಇದ್ದಾರೆ, ಒಳ್ಳೆಯ ಕಲ್ಲಿಗೆ ಹತ್ತಾರು ಸಾವಿರ ಕೊಡುತ್ತಾರೆ ಎಂದ. ಅವನೇ ಒಬ್ಬ ಗಿರಾಕಿಯ ನಂಬರನ್ನೂ ಕೊಟ್ಟ. ಆಗ ನಾನು ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಪರೀಕ್ಷೆಗೆ ಓದುತ್ತಿದ್ದೆ. ಕೋಚಿಂಗ್ ಫೀಸಿನ ಎರಡನೇ ಕಂತು ಹದಿನೆಂಟು ಸಾವಿರ ಬಾಕಿ ಇತ್ತು. ಸಪ್ತಾಪುರದ ಓಣಿಗಳಲ್ಲಿ ಓಡಾಡಿದವರಿಗೆ ಆ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಗಿರಾಕಿ ಕೇಳಿದ್ದು ಎರಡೇ ಮಾತು. ‘ಬೆಲ್ಜಿಯಮ್ಮಿನದೋ, ಜರ್ಮನಿಯದೋ? ಲೇಬಲ್ ಇದೆಯೇ?’

ಲೇಬಲ್ ಇರಲಿಲ್ಲ. ಹಾಗಾದರೆ ಕಲ್ಲನ್ನೇ ಕೇಳಬೇಕು ಎಂದುಕೊಂಡೆ. ಅಪ್ಪನಿಗೆ ವಿಷಯ ಹೇಳಿ, ಹಡಪದಿಂದ ಕಲ್ಲನ್ನೂ ಎರಡರಲ್ಲಿ ತುಕ್ಕು ಹಿಡಿದ ಕತ್ತಿಯನ್ನೂ ಇಸಿದುಕೊಂಡೆ.

ಕ್ಷೌರದ ಕತ್ತಿ ಮಸೆಯುವ ನೈಸರ್ಗಿಕ ಕಲ್ಲುಗಳಲ್ಲಿ ಜಗತ್ತಿನಲ್ಲಿ ಹೆಸರಾದವು ಬೆರಳೆಣಿಕೆಯಷ್ಟು. ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಸಾಲಿನ ಕೋಟಿಕ್ಯೂಲ್ ಕೆನೆಬಣ್ಣದ್ದು. ಅದರಲ್ಲಿ ಕೆಲಸ ಮಾಡುವುದು ಗಾರ್ನೆಟ್ ಎಂಬ ಖನಿಜದ ಸೂಕ್ಷ್ಮ ಹರಳುಗಳು. ಜರ್ಮನಿಯ ಥುರಿಂಗಿಯಾದ್ದು ಸ್ಲೇಟಿನ ಜಾತಿ, ಹಳದಿ-ಹಸಿರಿನಿಂದ ನೀಲಿಯವರೆಗೆ ಬಣ್ಣ. ಅಮೆರಿಕದ ಅರ್ಕನ್ಸಾಸಿನ ನೊವಾಕ್ಯುಲೈಟ್ ಹೆಚ್ಚುಕಡಿಮೆ ಅಪ್ಪಟ ಬೆಣಚು. ಜಪಾನಿನ ಕ್ಯೋಟೋ ಸುತ್ತಲಿನ ಗಣಿಗಳದ್ದು ಸಮುದ್ರದ ತಳದ ಕೆಸರು ಕಲ್ಲಾದದ್ದು. ನಮ್ಮದೂ ಸಣ್ಣ ಹೆಸರಲ್ಲ. ‘ಕೊರಂಡಮ್’ ಎಂಬ ಇಂಗ್ಲಿಷ್ ಪದವೇ ದಕ್ಷಿಣ ಭಾರತದ ಕುರುಂದ, ಕುರುವಿಂದ ಎಂಬ ಮಾತುಗಳಿಂದ ಹೋದದ್ದು. ಅದರ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಯ ಗಾಲಿ ಮಾಡುವುದು ಇಲ್ಲಿಯ ಹಳೆಯ ವಿದ್ಯೆ.

ನನ್ನ ಹತ್ತಿರ ಆ ಯಾವ ವಿದೇಶಿ ಕಲ್ಲೂ ಇರಲಿಲ್ಲ. ಇದ್ದ ಕಲ್ಲುಗಳನ್ನೇ ಪಕ್ಕದಲ್ಲಿಟ್ಟು ನೋಡೋಣವೆಂದು ಮೂರನ್ನು ಒಟ್ಟು ಮಾಡಿದೆ. ಒಂದು ಗೋಕಾಕ ಫಾಲ್ಸ್ ಹತ್ತಿರದ ಮರಳುಗಲ್ಲಿನ ತುಂಡು. ಘಟಪ್ರಭೆ ಅಲ್ಲಿ 52 ಮೀಟರ್ ಕೆಳಗೆ ಧುಮುಕುವುದು ಇದೇ ಜಾತಿಯ ಬಂಡೆಯ ಮೇಲಿಂದ. ಇನ್ನೊಂದು ನಮ್ಮ ಹೊಲದ ಬದುವಿನ ಕರಿಕಲ್ಲು, ಅಂದರೆ ಬಸಾಲ್ಟ್. ಮೂರನೆಯದು ಪಡಸಾಲೆಗೆ ಹಾಕಿ ಉಳಿದಿದ್ದ ಶಹಾಬಾದ ಫರಸಿಯ ಚೂರು. ಇವುಗಳ ಜೊತೆಗೆ ಅಳತೆಗೋಲಿನಂತೆ ಇರಲೆಂದು ಪೇಟೆಯಲ್ಲಿ ಸಿಗುವ ಕಾರ್ಬೊರಂಡಮ್ ಕಲ್ಲು. ಇದು ನೆಲದಿಂದ ಅಗೆದದ್ದಲ್ಲ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಬೇರೇನೋ ಮಾಡಲು ಹೋಗಿ ಪಡೆದ ವಸ್ತು. ಕಾರ್ಬನ್ನೂ ಕೊರಂಡಮ್ಮೂ ಸೇರಿದೆ ಎಂದು ತಪ್ಪಾಗಿ ತಿಳಿದು ಆ ಹೆಸರಿಟ್ಟ. ತಪ್ಪು ಗೊತ್ತಾದ ಮೇಲೂ ಹೆಸರು ಹೋಗಲಿಲ್ಲ.

ಮೊದಲು ನೋಡಿದ್ದು ಚಿನ್ನಾರಿಯವರು ಕಣ್ಣಿಗೆ ಹಿಡಿಯುವಂಥ ಹತ್ತುಪಟ್ಟಿನ ಮಸೂರದಲ್ಲಿ. ಆಮೇಲೆ ಚಿಕ್ಕ ಬಲ್ಬು ಇರುವ ಅರವತ್ತು ಪಟ್ಟಿನ ಜೇಬಿನ ಮೈಕ್ರೋಸ್ಕೋಪ್ ತರಿಸಿದೆ. ಮುನ್ನೂರು ರೂಪಾಯಿಯೊಳಗೆ ಬಂತು. ವಿಜ್ಞಾನ ಓದುವ ತಮ್ಮ ತಂಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ತರಿಸಿಕೊಳ್ಳಿ. ಪುಸ್ತಕದ ಚಿತ್ರಕ್ಕಿಂತ ಹೆಚ್ಚು ಕಲಿಸುತ್ತದೆ. ಬೆಳಕು ಮಾತ್ರ ನೇರ ಮೇಲಿನಿಂದ ಬೇಡ, ಪಕ್ಕದಿಂದ ಬರಬೇಕು. ಸಂಜೆಯ ಇಳಿಬಿಸಿಲಿನಲ್ಲಿ ಹೊಲದ ಸಾಲು ಎದ್ದು ಕಾಣುವುದಿಲ್ಲವೇ, ಹಾಗೆ.

ಗೋಕಾಕದ ಕಲ್ಲು ಅರವತ್ತು ಪಟ್ಟಿನಲ್ಲಿ ಸಕ್ಕರೆ ಗಡ್ಡೆಯಂತೆ ಕಂಡಿತು. ದುಂಡು ದುಂಡು ಬೆಣಚಿನ ಹರಳು, ನಡುನಡುವೆ ಅದೇ ಬೆಣಚಿನ ಗಾರೆ. ಹರಳುಗಳು ಅರ್ಧ ಮಿಲಿಮೀಟರಿನ ಆಸುಪಾಸು. ಇದನ್ನು ಮೈಕ್ರಾನಿನಲ್ಲಿ ಹೇಳುವುದಾದರೆ, ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು 50ರಿಂದ 100 ಮೈಕ್ರಾನ್ ದಪ್ಪ. ಅಂದರೆ ಈ ಕಲ್ಲಿನ ಒಂದು ಹರಳು ಏಳೆಂಟು ಕೂದಲು ಒತ್ತಟ್ಟಿಗೆ ಇಟ್ಟಷ್ಟು ಅಗಲ. ಕಬ್ಬು ಕಡಿಯುವ ಕೊಯ್ತಾಕ್ಕೆ ಸರಿ, ಗಲ್ಲಕ್ಕೆ ಹಚ್ಚುವ ಕತ್ತಿಗಲ್ಲ.

ಕರಿಕಲ್ಲಿನಲ್ಲಿ ಕಪ್ಪು ನೆಲದ ಮೇಲೆ ಚೆಲ್ಲಿದ ಬಿಳಿ ಸೂಜಿಗಳು, ಅಲ್ಲಲ್ಲಿ ಲಾವಾ ಆರುವಾಗ ಗಾಳಿ ಬಿಟ್ಟುಹೋದ ತೂತು. ಬೀಸುಕಲ್ಲಿಗೆ ಅದೇಕೆ ಒಳ್ಳೆಯದೆಂದು ತಿಳಿಯಿತು. ಸವೆದರೂ ತೂತಿನ ಅಂಚುಗಳು ಹೊಸದಾಗಿ ತೆರೆದುಕೊಳ್ಳುತ್ತವೆ. ಕತ್ತಿಯ ಅಲಗು ಆ ತೂತಿಗೆ ಸಿಕ್ಕಿದರೆ ಮುಗಿಯಿತು. ಅದನ್ನು ಅಲ್ಲಿಗೇ ಬಿಟ್ಟೆ.

ಫರಸಿ ನನ್ನನ್ನು ಮೋಸಗೊಳಿಸಿತು. ಅರವತ್ತು ಪಟ್ಟಿನಲ್ಲಿಯೂ ಹರಳೇ ಕಾಣದಷ್ಟು ನುಣುಪು, ಅಜ್ಜನ ಕಲ್ಲಿಗಿಂತಲೂ ನುಣುಪು! ಮಸೆಗಲ್ಲು ಆಗಬೇಕಾದದ್ದು ಇದೇ ಎಂದುಕೊಂಡೆ. ಅದು ಸುಣ್ಣದಕಲ್ಲು, ನಿಂಬೆಹುಳಿ ಹಾಕಿದರೆ ಸಣ್ಣಗೆ ನೊರೆ ಬರುತ್ತದೆ. ಖನಿಜಗಳ ಗಡಸುತನದ ಪಟ್ಟಿಯಲ್ಲಿ ಅದರ ಅಂಕ 3. ಹದ ಮಾಡಿದ ಉಕ್ಕು 6ರಿಂದ 7ರ ನಡುವೆ. ಬೆಣಚು 7, ಗಾರ್ನೆಟ್ ಅದರ ಆಸುಪಾಸು, ಕುರುಂದ 9. ಮೂರು ಅಂಕದ ಕಲ್ಲು ಉಕ್ಕನ್ನು ಏನು ಕೊರೆದೀತು? ಎಷ್ಟು ಉಜ್ಜಿದರೂ ಬೂದು ಬಣ್ಣದ ನೀರು ಬಂದಿತೇ ಹೊರತು ಕತ್ತಿಯ ಮೇಲಿನ ಹಳೆಯ ಗೀರು ಹಾಗೇ ಉಳಿದವು. ಕಣದ ಗಾತ್ರವಷ್ಟೇ ನೋಡಿ ಕಲ್ಲು ಆರಿಸಿದರೆ ಹೀಗಾಗುತ್ತದೆ.

ಅಜ್ಜನ ಕಲ್ಲು ಮಾತ್ರ ನನಗೆ ಏನೂ ಹೇಳಲಿಲ್ಲ. ಅರವತ್ತು ಪಟ್ಟಿನಲ್ಲಿ ಹಳದಿ ಮಂಜು, ಅಲ್ಲೊಂದು ಇಲ್ಲೊಂದು ಮಿಣುಕು. ಅಷ್ಟೇ.

ಧಾರವಾಡದಲ್ಲಿ ನನ್ನ ಕಾಲೇಜಿನ ಗೆಳೆಯನೊಬ್ಬ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಎಂ.ಎಸ್‌ಸಿ. ಓದುತ್ತಿದ್ದ. ಅವನು ಮೇಷ್ಟ್ರ ಅನುಮತಿ ಪಡೆದು ಒಂದು ಮಧ್ಯಾಹ್ನ ಪ್ರಯೋಗಾಲಯಕ್ಕೆ ಕರೆದೊಯ್ದ. ಕಲ್ಲನ್ನು ಒಡೆಯಬೇಕೇನೋ ಎಂದು ಹೆದರಿದ್ದೆ. ಅವನು ನಕ್ಕು, ಎರಡು ಹನಿ ನೀರು ಹಾಕಿ ಕಲ್ಲಿನ ಬೆನ್ನನ್ನು ಸಣ್ಣಗೆ ಉಜ್ಜಿದ. ಬಂದ ಕೆನೆಯಂಥ ಗಂಧವನ್ನು ಗಾಜಿನ ಪಟ್ಟಿಗೆ ಸವರಿ ಮೈಕ್ರೋಸ್ಕೋಪಿನಡಿ ಇಟ್ಟ. ಅದು ಶಿಲೆಗಳನ್ನು ನೋಡಲೆಂದೇ ಮಾಡಿದ ಯಂತ್ರ. ಮಾದರಿಯ ಕೆಳಗೊಂದು, ಮೇಲೊಂದು ಬೆಳಕು ಸೋಸುವ ಪಟಲ ಇರುತ್ತವೆ. ಎರಡನ್ನೂ ಅಡ್ಡಡ್ಡ ನಿಲ್ಲಿಸಿದರೆ ಕತ್ತಲೆ. ಆ ಕತ್ತಲೆಯಲ್ಲಿ ಬೆಣಚು, ಅಭ್ರಕದಂಥ ಖನಿಜದ ಕಣಗಳು ವೇದಿಕೆ ತಿರುಗಿಸಿದಂತೆಲ್ಲ ಹೊಳೆದು ಆರುತ್ತವೆ. ಗಾರ್ನೆಟ್ ಮಾತ್ರ ಯಾವ ದಿಕ್ಕಿಗೆ ತಿರುಗಿಸಿದರೂ ಕತ್ತಲೆಯಲ್ಲೇ ಉಳಿಯುತ್ತದೆ. ಬೆಲ್ಜಿಯಮ್ಮಿನ ಕಲ್ಲಾಗಿದ್ದರೆ ಸಾದಾ ಬೆಳಕಿನಲ್ಲಿ ಉಬ್ಬಿದಂತೆ ಕಾಣುವ ದುಂಡು ಹರಳುಗಳು ರಾಶಿ ರಾಶಿ ಇರಬೇಕು, ಪಟಲ ಅಡ್ಡ ಬಂದೊಡನೆ ಅವು ಮಾಯವಾಗಬೇಕು.

ನಾನೂರು ಪಟ್ಟಿನಲ್ಲಿ ನೋಡಿದೆವು. ಮಾಯವಾದವು ಯಾವುವೂ ಇರಲಿಲ್ಲ. ತಿರುಗಿಸಿದಂತೆ ಸಣ್ಣ ಸಣ್ಣ ಚುಕ್ಕೆಗಳು ಮಿಂಚುಹುಳದಂತೆ ಹತ್ತಿ ಆರುತ್ತಿದ್ದವು. ಕೆಲವೇ ಮೈಕ್ರಾನಿನ ಅಭ್ರಕದ ಹಾಳೆ, ಬೆಣಚಿನ ಪುಡಿ. ಆಮ್ಲದ ಹನಿ ಹಾಕಿದರೆ ನೊರೆಯೂ ಬರಲಿಲ್ಲ.

‘ಕೋಟಿಕ್ಯೂಲ್ ಅಲ್ಲಪಾ. ಸ್ಲೇಟಿನ ಜಾತಿ’ ಎಂದ ಗೆಳೆಯ.

‘ಅಂದ್ರ ಜರ್ಮನಿದು?’

‘ಇರಬಹುದು. ಇಂಗ್ಲೆಂಡಿನದೂ ಇರಬಹುದು. ಇಲ್ಲೇ ನಮ್ಮ ಕಾಲಬುಡದ್ದೂ ಇರಬಹುದು. ಕೆಸರು ಒತ್ತಡಕ್ಕ ಸಿಕ್ಕಲ್ಲೆಲ್ಲಾ ಹಿಂಗ ಆಗತೈತಿ. ಮೈಕ್ರೋಸ್ಕೋಪ್ ಇದು ಏನು ಅಲ್ಲ ಅಂತ ಹೇಳತೈತಿ, ಯಾವೂರಿಂದು ಅಂತ ಹೇಳಂಗಿಲ್ಲ.’

ಕಾಲಬುಡದ್ದು ಎಂದು ಅವನು ತಮಾಷೆಗೆ ಹೇಳಿದ್ದಲ್ಲ. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫುಟ್ ಈ ಭಾಗದ ಹಳೆಯ ಶಿಲೆಗಳ ಗುಂಪಿಗೆ ಧಾರವಾಡದ ಹೆಸರನ್ನೇ ಇಟ್ಟ. ಅದರಲ್ಲಿ ಸ್ಲೇಟಿನ ಹತ್ತಿರದ ಸಂಬಂಧಿ ಶಿಲೆಗಳೂ ಇವೆ. ಬಳ್ಳಾರಿ ಹತ್ತಿರದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳ ಶಿಲಾಯುಗದ ಕೊಡಲಿ ಕಾರ್ಖಾನೆಯನ್ನು ಲೋಕಕ್ಕೆ ಪರಿಚಯಿಸಿದವರಲ್ಲೂ ಫುಟ್ ಒಬ್ಬ. ಅಲ್ಲಿ ಗ್ರಾನೈಟ್ ಬಂಡೆಗಳ ಮೇಲೆ ಕೊಡಲಿ ತಿಕ್ಕಿ ತಿಕ್ಕಿ ಬಿದ್ದ ಗಾಡಿಯಂಥ ತಗ್ಗುಗಳು ಇಂದಿಗೂ ಇವೆಯಂತೆ. ಅಜ್ಜನ ಕಲ್ಲಿನ ತಗ್ಗು ಮುಟ್ಟಿದಾಗ ನನಗೆ ಅದು ನೆನಪಾಗುತ್ತದೆ.

ಪುಣೆಯ ಹುಡುಗನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವನು ಬೇಸರಪಟ್ಟುಕೊಳ್ಳಲಿಲ್ಲ. ಬಣ್ಣ ಜರ್ಮನಿಯ ಕಲ್ಲಿನಂತೆಯೇ ಇದೆಯಲ್ಲ, ಹಳೇ ಲೇಬಲಿನ ಚಿತ್ರ ಸಿಗುತ್ತದೆ, ಹಳದಿ ಕಾಗದದ ಮೇಲೆ ಪ್ರಿಂಟ್ ತೆಗೆದು ಚಹಾದಲ್ಲಿ ಅದ್ದಿ ಅಂಟಿಸಿದರಾಯಿತು ಎಂದ. ಲೇಬಲ್ ಇದ್ದರೆ ಬೆಲೆ ಹಲವು ಪಟ್ಟು. ಸುಳ್ಳು ಹೇಳುವುದಿಲ್ಲ, ಎರಡು ದಿನ ಯೋಚಿಸಿದೆ. ನಾನೂರು ಪಟ್ಟಿನಲ್ಲಿ ನೋಡಿದರೂ ಸಿಕ್ಕಿಬೀಳದ ಸುಳ್ಳು ಅದು, ಕಲ್ಲು ನಿಜವಾಗಿಯೂ ಜರ್ಮನಿಯದೇ ಆಗಿದ್ದರೂ ಆಗಿರಬಹುದು. ಇತ್ತ 2021ರ ಅಕ್ಟೋಬರಿನಲ್ಲಿ ನಡೆದ 545 ಪಿಎಸ್ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾದಾಗ ನಮ್ಮ ರೂಮಿನಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ಲ. ಬೇರೆಯವರ ಓಎಂಆರ್ ಹಾಳೆಗೆ ಅಷ್ಟು ಬೈದ ಬಾಯಿ ನನ್ನದೂ ಇತ್ತು. ಚಹಾದಲ್ಲಿ ಕಾಗದ ಅದ್ದಲು ಕೈ ಬರಲಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಎಲ್ಲಿಯದಾದರೂ ಇರಲಿ, ಅದು ಒಳ್ಳೆಯ ಕಲ್ಲು ಹೌದೋ ಅಲ್ಲವೋ? ದೀಪಾವಳಿಗೆ ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದು ಊರಿಗೆ ಬಂದಾಗ ಅಪ್ಪನನ್ನು ಕೂರಿಸಿಕೊಂಡೆ. ತುಕ್ಕು ಹಿಡಿದ ಕತ್ತಿಯನ್ನು ಪ್ರತಿ ಸಲವೂ ಕಾರ್ಬೊರಂಡಮ್ಮಿನ ಮೇಲೆ ಎಳೆದು ಒಂದೇ ತರಹದ ಗೀರು ಮಾಡುವುದು, ಆಮೇಲೆ ಒಂದೊಂದು ಕಲ್ಲಿನ ಮೇಲೆ ಮಸೆಯುವುದು, ಅಲಗನ್ನು ಅರವತ್ತು ಪಟ್ಟಿನಲ್ಲಿ ನೋಡುವುದು. ಇಷ್ಟು ದಿನ ನಾನು ಕಲ್ಲನ್ನು ನೋಡುತ್ತಿದ್ದೆ. ಕಲ್ಲು ಮಾಡಿದ ಕೆಲಸ ಕಾಣುವುದು ಅಲಗಿನ ಮೇಲೆ ಎಂಬುದು ತಡವಾಗಿ ಹೊಳೆಯಿತು.

ಈ ಕೆಲಸ ನಾನೇ ಮೊದಲು ಮಾಡಿದ್ದೇನಲ್ಲ. 1665ರಲ್ಲಿ ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಸೂಜಿಯ ಮೊನೆಯಾದ ಮೇಲೆ ಎರಡನೆಯದಾಗಿ ನೋಡಿದ್ದೇ ಕ್ಷೌರದ ಕತ್ತಿಯ ಅಂಚನ್ನು. ಜೀವಕೋಶಕ್ಕೆ ಹೆಸರು ಕೊಟ್ಟವನೆಂದು ನಾವು ಶಾಲೆಯಲ್ಲಿ ಓದಿದ ಹುಕ್ ಇವನೇ. ಮಸೆದ ಕತ್ತಿ ಅವನಿಗೆ ಉತ್ತ ಹೊಲದಂತೆ ಕಂಡಿತ್ತು. ನನಗೂ ಹಾಗೇ ಕಂಡಿತು. ಕಾರ್ಬೊರಂಡಮ್ಮಿನ ಮೇಲೆ ಎಳೆದ ಅಲಗಿನಲ್ಲಿ ಟ್ರ್ಯಾಕ್ಟರ್ ಹೊಡೆದಂಥ ಆಳವಾದ ಸಾಲು, ಅಂಚು ಗರಗಸ. ಗೋಕಾಕದ ಕಲ್ಲಿನ ಮೇಲೆ ಅಂಚಿನ ತುಂಡುಗಳೇ ಹಾರಿಹೋಗಿದ್ದವು. ಫರಸಿಯ ಮೇಲೆ ಸಾಲು ಹಾಗೇ ಇದ್ದು ದಿಬ್ಬಗಳ ನೆತ್ತಿ ಮಾತ್ರ ತುಸು ಹೊಳಪು.

ಅಜ್ಜನ ಕಲ್ಲಿಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ನಾನು ಅವಸರದಲ್ಲಿ ಒತ್ತಿ ಎಳೆಯುತ್ತಿದ್ದೆ. ಅಪ್ಪ ಕೈ ಹಿಡಿದು ನಿಲ್ಲಿಸಿದ.

‘ಒತ್ತಬ್ಯಾಡೋ. ಕತ್ತಿ ತೂಕ ಅಷ್ಟ ಸಾಕು. ಬೆನ್ನು ಎತ್ತಬ್ಯಾಡ. ಕಲ್ಲು ಆಕಳಿದ್ದಂಗ, ಅವಸರ ಮಾಡಿದ್ರ ಹಾಲ ಕೊಡಂಗಿಲ್ಲ.’

ಕಲ್ಲಿಗೆ ನಡುವೆ ತಗ್ಗಿದ್ದರಿಂದ ಅಪ್ಪ ಅದರ ಒಂದು ಬದಿಯನ್ನಷ್ಟೇ ಬಳಸಿ, ಹಿಮ್ಮಡಿಯಿಂದ ತುದಿಯವರೆಗೆ ಓರೆಯಾಗಿ ಎಳೆಯುತ್ತಿದ್ದ. ಇಪ್ಪತ್ತು ವರ್ಷ ಮುಟ್ಟದ ಕೆಲಸ. ಕೈ ಮಾತ್ರ ಮರೆತಿರಲಿಲ್ಲ. ಪ್ರತಿ ಐವತ್ತು ಎಳೆತಕ್ಕೊಮ್ಮೆ ನಾನು ನೋಡುತ್ತಿದ್ದೆ. ಸಾಲುಗಳು ಮೊದಲು ತೆಳುವಾದವು, ಆಮೇಲೆ ಒಂದೊಂದಾಗಿ ಅಳಿದವು. ಕೊನೆಗೆ ಉಳಿದದ್ದು ಉಸಿರು ಬಿಟ್ಟ ಕನ್ನಡಿಯಂಥ ಒಂದೇ ಸಮನಾದ ಮಬ್ಬು. ಓರೆ ಮಾಡಿದರೆ ಮಾತ್ರ ಕೂದಲೆಳೆಯಂಥ ಗೆರೆಗಳು. ಅಂಚು ನೆಟ್ಟಗೆ.

ಒಂದು ಮಾತು ಇಲ್ಲಿ ಹೇಳಬೇಕು. ಒಳ್ಳೆಯ ಅಲಗಿನ ಅಂಚಿನ ಅಗಲ ಅರ್ಧ ಮೈಕ್ರಾನಿನ ಆಸುಪಾಸು. ಬೆಳಕಿನ ಅಲೆಯ ಉದ್ದವೂ ಅಷ್ಟೇ. ಹಾಗಾಗಿ ಬೆಳಕಿನ ಮೈಕ್ರೋಸ್ಕೋಪ್ ಹರಿತವನ್ನು ತೋರಿಸಲಾರದು, ಮೊಂಡನ್ನು ಮಾತ್ರ ತೋರಿಸುತ್ತದೆ. ಅಂಚಿನ ಮೇಲೆ ಬಿಳಿಯ ಗೆರೆ ಅಥವಾ ಚುಕ್ಕೆ ಹೊಳೆದರೆ ಅಲ್ಲಿ ಮೊಂಡು. ಏನೂ ಹೊಳೆಯದಿದ್ದರೆ ಅಲ್ಲಿ ಹರಿತ. ಅಲಗಿನ ಚಿಕ್ಕ ಚಿಕ್ಕ ಗಾಯಗಳಿಗೆ ಬೆಲೆ ಏಕೆಂದರೆ, 2020ರ ಆಗಸ್ಟಿನಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು ಉಕ್ಕಿನ ಅಲಗನ್ನು ಹೇಗೆ ಚೂರು ಮಾಡುತ್ತದೆ ಎಂಬುದು ಅವರ ಪ್ರಶ್ನೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಅಂಚು ಮೊದಲೇ ಒರಟಾಗಿದ್ದ ಜಾಗದಲ್ಲಿ ಚೂರು ಏಳುತ್ತದೆ ಎಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನಾನು ಅಪ್ಪನಿಗೆ ಇದನ್ನು ದೊಡ್ಡದಾಗಿ ವಿವರಿಸಿದೆ. ‘ಅದಕ್ಕ ದಾಡಿ ಮೊದಲ ಬಿಸಿನೀರಾಗ ನೆನಸೂದು, ತೊಗಲ ಎಳದ ಹಿಡಿಯೂದು’ ಎಂದ ಅಪ್ಪ, ತಲೆ ಎತ್ತದೆ.

ಅಜ್ಜನ ಕಲ್ಲು ಒಳ್ಳೆಯದು. ಅದನ್ನು ನಾನು ಈಗ ಧೈರ್ಯವಾಗಿ ಹೇಳಬಲ್ಲೆ, ಅಲಗಿನ ಫೋಟೋ ಸಮೇತ.

ಗಿರಾಕಿಗೆ ಎಲ್ಲವನ್ನೂ ಬರೆದೆ: ಗಾರ್ನೆಟ್ ಇಲ್ಲ, ಸ್ಲೇಟಿನ ಜಾತಿ, ಮೂಲ ಗೊತ್ತಿಲ್ಲ, ನಡುವೆ ತಗ್ಗಿದೆ, ಲೇಬಲ್ ಇಲ್ಲ, ಕೆಲಸ ಹೀಗಿದೆ. ಫೋಟೋಗಳನ್ನೂ ಕಳಿಸಿದೆ. ಮರುದಿನ ಉತ್ತರ ಬಂತು. ಫೋಟೋ ಚೆನ್ನಾಗಿವೆ, ಆದರೆ ಲೇಬಲ್ ಇಲ್ಲದ ಕಲ್ಲಿಗೆ ಎರಡು ಸಾವಿರಕ್ಕಿಂತ ಹೆಚ್ಚು ಕೊಡಲಾಗದು. ಅದೂ ಗಾಜಿನ ಮೇಲೆ ಪಾಲಿಶ್ ಕಾಗದ ಹಾಸಿ ತಿಕ್ಕಿ, ತಗ್ಗು ಹೋಗಿಸಿ ಚಪ್ಪಟೆ ಮಾಡಿ ಕಳಿಸಿದರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಸಂಗ್ರಹಕಾರರಿಗೆ ಹೆಸರು ಬೇಕು. ಅಪ್ಪನಿಗೆ ಓದಿ ಹೇಳಿದೆ. ‘ನಿನಗ ರೊಕ್ಕ ಬೇಕಾದ್ರ ಕೊಡು. ತಗ್ಗು ಮಾತ್ರ ಅವರ ತಿಕ್ಕಿಕೋಳ್ಳಲಿ’ ಎಂದ.

ನಾನು ಕೊಡಲಿಲ್ಲ. ಫೀಸಿಗೆ ಬೇರೆ ದಾರಿ ಹುಡುಕಿದೆ. ಈಗ ಬೆಳಿಗ್ಗೆ ಎರಡು ತಾಸು ಒಂದು ವಾಚನಾಲಯದ ಬಾಗಿಲು ತೆರೆದು ಕಸ ಗುಡಿಸಿ ಕೂರುತ್ತೇನೆ, ಬದಲಿಗೆ ಓದುವ ಜಾಗ ಪುಕ್ಕಟೆ. ಉಳಿದದ್ದನ್ನು ಮೂರು ಕಂತು ಮಾಡಿಸಿಕೊಂಡಿದ್ದೇನೆ. ಎರಡು ಕಟ್ಟಿದ್ದಾಗಿದೆ, ಒಂದು ಬಾಕಿ.

ದೀಪಾವಳಿಯ ಪಾಡ್ಯದ ಬೆಳಿಗ್ಗೆ ಅಪ್ಪ ಆ ಕತ್ತಿಯನ್ನು ತೊಗಲಿನ ಪಟ್ಟಿಯ ಮೇಲೆ ಮೂವತ್ತು ಸಲ ಎಳೆದು, ಗೋಡೆಯ ಕನ್ನಡಿಯ ಮುಂದೆ ನಿಂತು ತನ್ನ ದಾಡಿ ತಾನೇ ಮಾಡಿಕೊಂಡ. ಗಲ್ಲದ ಮೇಲೆ ಕೈ ಆಡಿಸಿಕೊಂಡು ಏನೂ ಹೇಳದೆ ಕತ್ತಿಯನ್ನು ಬಿಸಿನೀರಿನಲ್ಲಿ ತೊಳೆದು ನನ್ನ ಕೈಗೆ ಕೊಟ್ಟ. ಅಷ್ಟು ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದ್ದ ಅಂಚು. ಬಲಗಡೆ ಸರಿಯಾಗಿ ಬಂತು. ಎಡಗಡೆ ಗದ್ದದ ಕೆಳಗೆ ತೊಗಲು ಎಳೆದು ಹಿಡಿಯುವುದನ್ನು ಮರೆತೆ. ಆಯಿ ಒಳಗಿನಿಂದ ‘ಏನಾತೋ?’ ಎಂದು ಕೂಗುವಷ್ಟರಲ್ಲಿ ಅಪ್ಪ ಹಡಪದಿಂದ ಪಟಿಕದ ತುಂಡು ತೆಗೆದು ನೀರಿಗೆ ಅದ್ದುತ್ತಿದ್ದ.